ಪೋಕ್ಸೊ ಕೇಸು ಹೈಕೋರ್ಟಿಗೆ ಹೋದಾಗ: ಮೇಲ್ಮನವಿ ಮತ್ತು ಮಗುವಿನ ಸಾಕ್ಷ್ಯದ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ಪೋಷಕರಿಗೆ

"ಕೆಳಗಿನ ಕೋರ್ಟಿನ್ಯಾಗ ಬಿಟ್ಟುಬಿಟ್ರು, ಇನ್ನೇನು ಮಾಡೋದ್ರೀ?" "ಶಿಕ್ಷೆ ಆಗಿತ್ತು, ಈಗ ಹೈಕೋರ್ಟಿಗೆ ಹೋಗ್ಯಾನಂತ. ನಮ್ಮ ಹುಡುಗಿ ಮತ್ತ ಸಾಕ್ಷಿ ಹೇಳಬೇಕೇನ್ರೀ?" ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವೆರಡೇ.

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಆ ಭಯದಿಂದಲೇ ಎಷ್ಟೋ ಮನೆಯವರು ಹಿಂದೆ ಸರಿಯುತ್ತಾರೆ. ಇಲ್ಲ, ಸಾಮಾನ್ಯವಾಗಿ ಮಗು ಮತ್ತೆ ಸಾಕ್ಷಿ ಕಟ್ಟೆ ಹತ್ತಬೇಕಿಲ್ಲ. ಮೇಲ್ಮನವಿ ಅಂದರೆ ಹೊಸ ವಿಚಾರಣೆ ಅಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಆಗಲೇ ದಾಖಲಾದದ್ದನ್ನು ಹೈಕೋರ್ಟ್ ಮೊದಲಿನಿಂದ ಓದಿ, ತೀರ್ಪು ಸರಿಯೋ ತಪ್ಪೋ ನೋಡುತ್ತದೆ. ಹೆಚ್ಚುವರಿ ಸಾಕ್ಷ್ಯ ಪಡೆಯುವ, ಮರುವಿಚಾರಣೆಗೆ ಕಳಿಸುವ ಅಧಿಕಾರ ಹೈಕೋರ್ಟಿಗೆ ಇದೆಯಾದರೂ ಅದು ಅಪರೂಪ. ಅಲ್ಲಿ ಮಾತಾಡುವುದು ಕಾಗದ. ಹಾಗಾಗಿ ಮನೆಯವರ ಕೆಲಸ ಆ ಕಾಗದವನ್ನು ಪೂರ್ತಿಯಾಗಿ ಕೈಗೆ ತೆಗೆದುಕೊಂಡು, ನ್ಯಾಯಮೂರ್ತಿಗಳು ಓದುವಂತೆ ತಾವೂ ಓದಿ, ವಕೀಲರ ಎದುರು ಕೂತು ಮಾತಾಡುವುದು. ಈ ಲೇಖನ ಅದಕ್ಕಾಗಿ. ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ. 18 ವರ್ಷ ತುಂಬದ ಯಾರೇ ಆದರೂ ಕಾನೂನಿನ ಕಣ್ಣಿಗೆ ಮಗುವೇ.

1. ಯಾವ ಪೀಠ, ಎಷ್ಟು ದಿನ

ಹೈಕೋರ್ಟ್ ಅಂದಕೂಡಲೇ ಬೆಂಗಳೂರಿನ ಬಸ್ಸು ಹತ್ತಬೇಡಿ. ಬಳ್ಳಾರಿ, ಕೊಪ್ಪಳ, ಈಗಿನ ವಿಜಯನಗರ ಜಿಲ್ಲೆಯ ಕೇಸುಗಳು ಧಾರವಾಡ ಪೀಠಕ್ಕೆ ಹೋಗುತ್ತವೆ. ರಾಯಚೂರು ಜಿಲ್ಲೆಯವು ಕಲಬುರಗಿ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾದ ಇವೆರಡೂ 2013ರಿಂದ ಕಾಯಂ ಪೀಠಗಳು. ಮಸ್ಕಿಯವರಿಗೆ, ಲಿಂಗಸುಗೂರಿನವರಿಗೆ ಪರಿಚಯದ ವಕೀಲರು ಧಾರವಾಡದಲ್ಲಿ ಇರಬಹುದು, ಆದರೂ ನಿಮ್ಮ ಅಪೀಲು ಕಲಬುರಗಿಯಲ್ಲೇ. ಕೇಸಿನ ನಂಬರು ನೋಡಿದರೂ ಗೊತ್ತಾಗುತ್ತದೆ: ಧಾರವಾಡದ ಕ್ರಿಮಿನಲ್ ಅಪೀಲು ನಂಬರು 100ರಿಂದ, ಕಲಬುರಗಿಯದು 200ರಿಂದ ಶುರುವಾಗುವ ಆರು ಅಂಕಿಯದು.

ದಿನಗಳ ಲೆಕ್ಕ ಹೀಗಿದೆ. ಶಿಕ್ಷೆಯಾದವನು ಹೈಕೋರ್ಟಿಗೆ ಹೋಗಲು 60 ದಿನ. ಖುಲಾಸೆಯ ವಿರುದ್ಧ (ಖುಲಾಸೆ ಅಂದರೆ ಆರೋಪ ಸಾಬೀತಾಗದೆ ಬಿಡುಗಡೆ) ಸರ್ಕಾರ ಹೋಗಲು 90 ದಿನ. ಸಂತ್ರಸ್ತರು ತಾವೇ ಹಾಕುವ ಅಪೀಲಿಗೆ ಕಾಲಮಿತಿ ಕಾಯ್ದೆಯಲ್ಲಿ ಪ್ರತ್ಯೇಕ ಗಡುವು ಬರೆದಿಲ್ಲ. ಅದನ್ನು ಸಲಿಗೆ ಎಂದು ತಿಳಿಯಬೇಡಿ. 60 ದಿನವೇ ನಿಮ್ಮ ಗಡುವು ಎಂದುಕೊಂಡು ಹೊರಡಿ. ತೀರ್ಪಿನ ನಕಲಿಗೆ ಅರ್ಜಿ ಕೊಟ್ಟು ಅದು ತಯಾರಾಗುವವರೆಗಿನ ದಿನಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ, ಆದರೆ ಅರ್ಜಿ ಕೊಟ್ಟಿದ್ದರೆ ಮಾತ್ರ. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯ ಜೊತೆ ಕಾರಣ ತೋರಿಸಬೇಕು. ಗುಳೆ ಹೋಗಿದ್ದೆವು, ತೀರ್ಪು ಬಂದದ್ದೇ ಗೊತ್ತಾಗಲಿಲ್ಲ ಎಂಬುದು ನಿಜವಾದ ಕಾರಣವೇ. ಎಲ್ಲಿದ್ದಿರಿ, ಯಾವಾಗ ಗೊತ್ತಾಯಿತು, ಯಾರು ಹೇಳಿದರು ಎಂದು ಅಫಿಡವಿಟ್‌ನಲ್ಲಿ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಬಿಡಿಸಿ ಬರೆಸಿ. "ಕಾರಣಾಂತರಗಳಿಂದ" ಎಂಬ ಒಂದು ಪದ ಯಾರನ್ನೂ ಒಪ್ಪಿಸುವುದಿಲ್ಲ.

2. ಅಪೀಲು ಹಾಕುವವರು ಯಾರು

2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಿಮ್ಮ ಕಾಗದಗಳಲ್ಲಿ ಎರಡೂ ನಂಬರು ಕಾಣಬಹುದು, ಗಾಬರಿಯಾಗಬೇಡಿ. ಹಳೆಯ 372ನೇ ಕಲಂ ಈಗ 413. ಸಂತ್ರಸ್ತರಿಗೆ ಸ್ವಂತ ಅಪೀಲಿನ ಹಕ್ಕು ಕೊಡುವುದು ಇದೇ. ಮೂರು ಸಂದರ್ಭಗಳಲ್ಲಿ ಹೋಗಬಹುದು: ಆರೋಪಿ ಖುಲಾಸೆಯಾದಾಗ, ದೊಡ್ಡ ಅಪರಾಧ ಬಿಟ್ಟು ಚಿಕ್ಕ ಅಪರಾಧಕ್ಕೆ ಮಾತ್ರ ಶಿಕ್ಷೆಯಾದಾಗ, ಪರಿಹಾರ ಕಡಿಮೆ ಎನಿಸಿದಾಗ. ಮಗುವಿನ ಪರವಾಗಿ ಪೋಷಕರು ಹಾಕಬಹುದು. ಇದಕ್ಕೆ ಹೈಕೋರ್ಟಿನ ವಿಶೇಷ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆ ಪ್ರಕರಣ ನಮ್ಮ ರಾಜ್ಯದ್ದೇ: ಮಲ್ಲಿಕಾರ್ಜುನ ಕೊಡಗಲಿ ವಿರುದ್ಧ ಕರ್ನಾಟಕ ರಾಜ್ಯ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಅಪರಾಧ ಸಾಬೀತಾಗಿದೆ, ಕಲಂ ಕೂಡ ಸರಿಯಿದೆ, ಆದರೆ ಕೊಟ್ಟ ವರ್ಷಗಳು ಕಡಿಮೆ ಎನ್ನುವುದು ನಿಮ್ಮ ನೋವಾದರೆ, ಆ ಅಪೀಲು ಸಂತ್ರಸ್ತರ ಕೈಯಲ್ಲಿಲ್ಲ. ಅದನ್ನು ಸರ್ಕಾರವೇ ಹಾಕಬೇಕು. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆಗ ನೀವು ಮಾಡಬೇಕಾದದ್ದು ಜಿಲ್ಲೆಯ ವಿಶೇಷ ಸರ್ಕಾರಿ ಅಭಿಯೋಜಕರಿಗೆ (ಸರ್ಕಾರದ ಪರ ಕೇಸು ನಡೆಸುವ ವಕೀಲರು) ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು.

ಖುಲಾಸೆಯಾದಾಗ "ಸರ್ಕಾರದವರು ಹಾಕ್ತಾರಂತ" ಎಂದು ಕಾಯುತ್ತಾ ಕೂರಬೇಡಿ. ಅಭಿಯೋಜಕರ ಅಭಿಪ್ರಾಯ ಇಲಾಖೆಗೆ ಹೋಗಿ ಅಲ್ಲಿಂದ ಆದೇಶ ಬರಬೇಕು. ಬರದೆಯೂ ಇರಬಹುದು. ಸರ್ಕಾರ ಹಾಕಿದರೂ ನಿಮ್ಮ ಅಪೀಲು ವ್ಯರ್ಥವಲ್ಲ.

ಹಣದ ಚಿಂತೆಯಿಂದ ಇಲ್ಲಿ ನಿಲ್ಲಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಕ್ಕಳಿಗೆ ಮತ್ತು ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ಹೈಕೋರ್ಟ್ ಪೀಠದ ಕಾನೂನು ಸೇವಾ ಸಮಿತಿಗೆ ಕಳಿಸುತ್ತಾರೆ. ಸಹಾಯವಾಣಿ 15100.

3. ಕಾಗದ ಕೂಡಿಸುವುದು

ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ತೀರ್ಪು ಒಂದೇ ಸಾಲದು. ಬೇಕಾದವು ಇವು: ದೂರು ಮತ್ತು ಎಫ್‌ಐಆರ್, ದೋಷಾರೋಪ ಪಟ್ಟಿ, ಪೊಲೀಸರ ಎದುರು ಮಗು ಕೊಟ್ಟ ಹೇಳಿಕೆ, ಮ್ಯಾಜಿಸ್ಟ್ರೇಟರ ಎದುರಿನ ಹೇಳಿಕೆ (ಹಳೆಯ 164, ಈಗಿನ 183ನೇ ಕಲಂ), ವೈದ್ಯಕೀಯ ವರದಿ, ವಯಸ್ಸಿನ ದಾಖಲೆ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಇದ್ದರೆ ಅದು, ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲ ಸಾಕ್ಷಿಗಳ ಮುಖ್ಯ ವಿಚಾರಣೆ ಮತ್ತು ಪಾಟೀ ಸವಾಲು. ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲರು ಕೇಳುವ ಪ್ರಶ್ನೆಗಳಿಗೆ ಮುಖ್ಯ ವಿಚಾರಣೆ, ಎದುರು ಪಕ್ಷದ ವಕೀಲರು ಕೇಳುವ ಪ್ರಶ್ನೆಗಳಿಗೆ ಪಾಟೀ ಸವಾಲು ಎನ್ನುತ್ತಾರೆ. ತೀರ್ಪಿನಲ್ಲಿ ಸಾಕ್ಷಿಗಳನ್ನು ಪಿ.ಡಬ್ಲ್ಯು. 1, 2 ಎಂದೂ ದಾಖಲೆಗಳನ್ನು ನಿ.ಪಿ. 1, 2 ಎಂದೂ ಕರೆದಿರುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಯಾವ ನಂಬರು ಯಾರದು ಎಂದು ಬರೆದಿಟ್ಟುಕೊಳ್ಳಿ. ವಕೀಲರ ಮುಂದೆ ಅರ್ಧ ಗಂಟೆ ಉಳಿಯುತ್ತದೆ.

ಈ ಕಾಗದಗಳಲ್ಲಿ ಮಗುವಿನ ಹೆಸರು, ಶಾಲೆ, ಊರು ಎಲ್ಲ ಇರುತ್ತವೆ. ಝೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಬರಬೇಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಹಳ್ಳಿಯಲ್ಲಿ ಹೆಸರೇ ಬೇಕಿಲ್ಲ, ಅಪ್ಪನ ಹೆಸರೂ ಓಣಿಯೂ ಸಾಕು. ಅಪೀಲು ಹಾಕುವಾಗ ಸಂತ್ರಸ್ತರು ತಮ್ಮ ಗುರುತು ತೋರಿಸಬೇಕಿಲ್ಲ ಎಂದು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ (2018) ಸುಪ್ರೀಂ ಕೋರ್ಟ್ ಹೇಳಿದೆ. ಅಪೀಲಿನ ಶೀರ್ಷಿಕೆಯಲ್ಲಿ ಹೆಸರು ಬರದಂತೆ ವಕೀಲರಿಗೆ ಮೊದಲ ದಿನವೇ ಹೇಳಿ.

4. ಮಗುವಿನ ಸಾಕ್ಷ್ಯವನ್ನು ಹೈಕೋರ್ಟ್ ಹೇಗೆ ತೂಗುತ್ತದೆ

ಇಡೀ ಅಪೀಲು ನಿಲ್ಲುವುದೂ ಬೀಳುವುದೂ ಇಲ್ಲೇ. ನಿಧಾನವಾಗಿ ಓದಿ.

ಮಗುವಿನ ಮಾತೊಂದರ ಮೇಲೇ ಶಿಕ್ಷೆ ಕೊಡಬಹುದು, ಅದು ನಂಬುವಂತಿದ್ದರೆ. ಇಷ್ಟೇ ಸಾಕ್ಷಿಗಳು ಬೇಕೆಂಬ ಲೆಕ್ಕ ಕಾನೂನಿನಲ್ಲಿ ಇಲ್ಲ. ಗುರ್ಮೀತ್ ಸಿಂಗ್ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್ ಹೇಳಿದ್ದು: ಸಂತ್ರಸ್ತೆಯ ಮಾತು ವಿಶ್ವಾಸ ಹುಟ್ಟಿಸಿದರೆ ಬೇರೆ ಪುರಾವೆಯ ಆಸರೆ ಹುಡುಕಬೇಕಿಲ್ಲ, ಸಣ್ಣಪುಟ್ಟ ವ್ಯತ್ಯಾಸ ಹಿಡಿದು ನಂಬಲರ್ಹ ಸಾಕ್ಷ್ಯವನ್ನು ಎಸೆಯಬಾರದು. ನಿಮ್ಮ ತೀರ್ಪಿನಲ್ಲಿ "ಸ್ವತಂತ್ರ ಸಾಕ್ಷಿ ಇಲ್ಲ" ಎಂಬ ಒಂದೇ ಕಾರಣಕ್ಕೆ ಖುಲಾಸೆಯಾಗಿದ್ದರೆ ಆ ಸಾಲಿಗೆ ಗೆರೆ ಎಳೆಯಿರಿ. ಅಪೀಲಿನ ಮೊದಲ ಆಧಾರ ಅದೇ ಆಗಬಹುದು.

ಹಾಗೆಂದು ಮಗು ಹೇಳಿದ್ದೆಲ್ಲ ಪರೀಕ್ಷೆಯಿಲ್ಲದೆ ಒಪ್ಪಿಗೆಯಾಗುತ್ತದೆ ಎಂದುಕೊಳ್ಳಬೇಡಿ. ಪೋಕ್ಸೊ ಕಾಯ್ದೆಯ 29ನೇ ಕಲಂ ಆರೋಪಿಯೇ ಅಪರಾಧ ಎಸಗಿದ್ದಾನೆಂದು ಮೊದಲೇ ಭಾವಿಸಿಕೊಳ್ಳುವ ಅವಕಾಶ ಕೊಡುತ್ತದೆ, ನಿಜ. ಆದರೆ ಘಟನೆ ನಡೆಯಿತು, ಮಗುವಿಗೆ 18 ತುಂಬಿರಲಿಲ್ಲ ಎಂಬ ಮೂಲ ಸಂಗತಿಗಳನ್ನು ಅಭಿಯೋಜನೆ ಮೊದಲು ತೋರಿಸಬೇಕು. ಆಮೇಲಷ್ಟೇ ಹೊರೆ ಆರೋಪಿಯ ಮೇಲೆ ಬೀಳುತ್ತದೆ. ನಿರಪರಾಧಿಯೊಬ್ಬ ಹತ್ತಿಪ್ಪತ್ತು ವರ್ಷ ಒಳಗೆ ಕೂರಬಾರದು ಎಂಬ ಕಾಳಜಿಯೂ ನ್ಯಾಯವೇ. ಅದನ್ನು ಒಪ್ಪಿಕೊಂಡು ಓದಿದರೆ ನಿಮ್ಮ ಕೇಸಿನ ಗಟ್ಟಿ ಜಾಗವೂ ಸಡಿಲ ಜಾಗವೂ ನಿಮಗೇ ಕಾಣುತ್ತವೆ.

*ವ್ಯತ್ಯಾಸಗಳು.* ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ದೂರು, ಪೊಲೀಸ್ ಹೇಳಿಕೆ, ಮ್ಯಾಜಿಸ್ಟ್ರೇಟ್ ಹೇಳಿಕೆ, ವೈದ್ಯರಿಗೆ ಹೇಳಿದ್ದು, ಕೋರ್ಟಿನಲ್ಲಿ ಹೇಳಿದ್ದು. ಯಾರು, ಎಲ್ಲಿ, ಏನು ಮಾಡಿದ, ಆಮೇಲೆ ಮಗು ಯಾರಿಗೆ ಹೇಳಿತು ಎಂಬ ನಾಲ್ಕು ಸಂಗತಿ ಐದೂ ಕಡೆ ಒಂದೇ ಇದೆಯೇ ನೋಡಿ. ಇದು ತಿರುಳು. ಗಂಟೆ ಎಷ್ಟು, ಅಂಗಿ ಯಾವ ಬಣ್ಣ, ಅಂದು ಸಂತೆಯ ದಿನವೋ ಅಲ್ಲವೋ ಎಂಬುದು ಹೊರಗಿನದು. ಹೊರಗಿನದು ಬದಲಾದರೆ ಕೇಸು ಬೀಳಬಾರದು. ತಿರುಳು ಬದಲಾಗಿದ್ದರೆ, ಉದಾಹರಣೆಗೆ ಒಂದು ಕಡೆ ಮುಟ್ಟಿದ ಎಂದು, ಇನ್ನೊಂದು ಕಡೆ ಅದಕ್ಕಿಂತ ದೊಡ್ಡದು ನಡೆಯಿತು ಎಂದು ಇದ್ದರೆ, ವಕೀಲರಿಗೆ ಮೊದಲೇ ಹೇಳಿ. ಹೈಕೋರ್ಟ್ ಆಗ ಇಡೀ ಕೇಸನ್ನು ತಳ್ಳಿಹಾಕದೆ ಸಾಬೀತಾದ ಚಿಕ್ಕ ಅಪರಾಧಕ್ಕೆ ಶಿಕ್ಷೆಯನ್ನು ಇಳಿಸಲೂಬಹುದು.

ದೂರು ಬರೆಸಿದವರು ಬಹುಪಾಲು ತಾಯಿ ಅಥವಾ ಅಜ್ಜಿ. ಅವರಿಗೆ ಗೊತ್ತಿದ್ದಷ್ಟೇ ಅದರಲ್ಲಿರುತ್ತದೆ. ದೂರಿನಲ್ಲಿ ಇಲ್ಲದ್ದನ್ನು ಮಗು ಕೋರ್ಟಿನಲ್ಲಿ ಹೇಳಿದ್ದರೆ ಅದು ತಾನಾಗಿ ಸುಳ್ಳಾಗುವುದಿಲ್ಲ. ಇನ್ನೊಂದು ಸಂಗತಿ ಮನೆಯವರಿಗೆ ಯಾರೂ ಹೇಳುವುದಿಲ್ಲ: ಪೊಲೀಸರ ಎದುರಿನ ಹೇಳಿಕೆ ಸ್ವತಃ ಸಾಕ್ಷ್ಯವಲ್ಲ. ಅದನ್ನು ವಿರೋಧಾಭಾಸ ತೋರಿಸಲು ಮಾತ್ರ ಬಳಸಬಹುದು. ಅದಕ್ಕೂ ಕ್ರಮ ಇದೆ. ಆ ಭಾಗವನ್ನು ಮಗುವಿಗೆ ತೋರಿಸಿ ಕೇಳಿರಬೇಕು, ಆಮೇಲೆ ಹೇಳಿಕೆ ಬರೆದುಕೊಂಡ ತನಿಖಾಧಿಕಾರಿಯ ಬಾಯಿಂದ ಸಾಬೀತು ಮಾಡಿಸಿರಬೇಕು. ಹಾಗೆ ಮಾಡದೆ ಕೆಳಗಿನ ಕೋರ್ಟ್ "ವಿರೋಧಾಭಾಸ ಇದೆ" ಎಂದು ಬರೆದಿದ್ದರೆ ಅದು ಅಪೀಲಿನಲ್ಲಿ ಹಿಡಿಯಬೇಕಾದ ತಪ್ಪು. ತನಿಖಾಧಿಕಾರಿಯ ಪಾಟೀ ಸವಾಲನ್ನು ಎರಡು ಸಲ ಓದಿ.

ಗಡಿ ತಾಲ್ಲೂಕುಗಳಲ್ಲಿ, ತಾಂಡಾಗಳಲ್ಲಿ ಮಗು ಮಾತಾಡುವುದು ತೆಲುಗು, ಉರ್ದು ಅಥವಾ ಲಂಬಾಣಿ. ಹೇಳಿಕೆ ಇರುವುದು ಪುಸ್ತಕದ ಕನ್ನಡದಲ್ಲಿ. ಹೇಳಿಕೆ ಬರೆದುಕೊಳ್ಳುವಾಗ ಪೋಕ್ಸೊ 26ನೇ ಕಲಂ, ಕೋರ್ಟಿನಲ್ಲಿ ಸಾಕ್ಷ್ಯ ದಾಖಲಿಸುವಾಗ 38ನೇ ಕಲಂ ಭಾಷಾಂತರಕಾರರ ನೆರವಿಗೆ ಅವಕಾಶ ಕೊಟ್ಟಿದೆ. ನೆರವು ಸಿಕ್ಕಿತ್ತೇ, ಅವರ ಹೆಸರು ದಾಖಲಾಗಿದೆಯೇ ನೋಡಿ.

*ಹೇಳಿಕೊಟ್ಟ ಮಾತು ಎಂಬ ವಾದ.* ಪ್ರತಿ ಅಪೀಲಿನಲ್ಲೂ ಇದು ಬರುತ್ತದೆ. ಬಲ್ವೀರ್ ಸಿಂಗ್ ಪ್ರಕರಣದಲ್ಲಿ (2025, ಮಧ್ಯಪ್ರದೇಶದ ಕೊಲೆ ಕೇಸು, ಸಾಕ್ಷಿ 7 ವರ್ಷದ ಮಗಳು) ಸುಪ್ರೀಂ ಕೋರ್ಟ್ ಮಕ್ಕಳ ಸಾಕ್ಷ್ಯದ ತತ್ವಗಳನ್ನು ಒಟ್ಟುಗೂಡಿಸಿದೆ. ಸಾಕ್ಷಿಗೆ ಕನಿಷ್ಠ ವಯಸ್ಸು ಎಂಬುದಿಲ್ಲ. ಪ್ರಶ್ನೆ ಅರ್ಥವಾಗಿ ಉತ್ತರ ಕೊಡಬಲ್ಲದೇ ಎಂದು ನ್ಯಾಯಾಧೀಶರು ಮೊದಲು ಪರೀಕ್ಷಿಸಿ ದಾಖಲಿಸಬೇಕು. ಹೇಳಿಕೊಟ್ಟಿದ್ದಾರೆ ಎನ್ನುವುದಕ್ಕೆ ಬರೀ ಆರೋಪ ಸಾಲದು, ಆಧಾರ ಬೇಕು. ಹಾಗಾಗಿ ಮಗುವಿನ ಸಾಕ್ಷ್ಯದ ಮೊದಲ ಪುಟ ತೆರೆಯಿರಿ: ಊರು ಯಾವುದು, ಯಾವ ತರಗತಿ, ಸುಳ್ಳು ಹೇಳಿದರೆ ಏನಾಗುತ್ತದೆ ಎಂಬಂಥ ಪ್ರಶ್ನೋತ್ತರ ಅಲ್ಲಿರಬೇಕು. 12 ವರ್ಷದೊಳಗಿನ ಮಗುವಿಗೆ ಪ್ರಮಾಣ ಬೋಧಿಸಿಲ್ಲ ಎಂಬುದು ಕೊರತೆಯಲ್ಲ. "ಅಮ್ಮ ಹೀಗೆ ಹೇಳು ಅಂದಳು" ಎಂಬ ಉತ್ತರ ಪಾಟೀ ಸವಾಲಿನಲ್ಲಿ ಇದ್ದರೆ ಅದರ ಹಿಂದುಮುಂದಿನ ಸಾಲುಗಳನ್ನೂ ಓದಬೇಕು. "ಹೆದರದೆ ನಿಜ ಹೇಳು" ಅಂದಿರುವುದೂ ಆ ಉತ್ತರದಲ್ಲಿ ಸೇರಿರಬಹುದು. ವಿಚಾರಣೆ ಇನ್ನೂ ಕೆಳಗಿನ ಕೋರ್ಟಿನಲ್ಲೇ ಇರುವವರಿಗೆ ಕಳಕಳಿಯ ಮಾತು: ಮಗುವಿಗೆ ಪಾಠ ಒಪ್ಪಿಸಿದಂತೆ ಅಭ್ಯಾಸ ಮಾಡಿಸಬೇಡಿ. ನಿಜ ಹೇಳುವ ಮಗುವಿನ ಮಾತೂ ಆಗ ಸುಳ್ಳಿನಂತೆ ಕೇಳುತ್ತದೆ.

*ತಡವಾದ ದೂರು, ಗಾಯವಿಲ್ಲದ ವರದಿ.* ಮಗು ಹೆದರಿ ಸುಮ್ಮನಿರುವುದು, ಮನೆಯವರು ಮರ್ಯಾದೆಗೆ ಅಂಜಿ ನಾಲ್ಕು ದಿನ ಯೋಚಿಸುವುದು ನ್ಯಾಯಾಲಯಗಳಿಗೆ ತಿಳಿಯದ ಸಂಗತಿಯಲ್ಲ. ವಿವರಣೆ ಸಾಕ್ಷ್ಯದಲ್ಲಿ ಬಂದಿದ್ದರೆ ಸಾಕು. ಗಾಯವಿಲ್ಲ ಎಂದರೆ ಘಟನೆ ನಡೆದಿಲ್ಲ ಎಂದಲ್ಲ. ಮುಟ್ಟಿ ಹಿಂಸಿಸಿದ ಕೇಸುಗಳಲ್ಲಿ ಗುರುತು ಉಳಿಯುವುದೇ ಅಪರೂಪ. "ಚರ್ಮಕ್ಕೆ ಚರ್ಮ ತಾಗಿರಬೇಕು" ಎಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ತಳ್ಳಿಹಾಕಿದೆ. ಎರಡು ಬೆರಳಿನ ಪರೀಕ್ಷೆಯನ್ನು (ಗುಪ್ತಾಂಗದಲ್ಲಿ ಬೆರಳಿಟ್ಟು ನೋಡುವ ಹಳೆಯ ವೈದ್ಯಕೀಯ ಪದ್ಧತಿ) 2022ರಲ್ಲಿ ಮತ್ತೊಮ್ಮೆ ಕಟುವಾಗಿ ಖಂಡಿಸಿ, ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದಿದೆ. ನಿಮ್ಮ ವೈದ್ಯಕೀಯ ವರದಿಯಲ್ಲಿ ಅದರ ಉಲ್ಲೇಖವಿದ್ದರೆ ವಕೀಲರ ಗಮನಕ್ಕೆ ತನ್ನಿ.

*ಮಾತಾಡದ ಮಗು.* ಸಾಕ್ಷಿ ಕಟ್ಟೆಯಲ್ಲಿ ಮಗು ಬರೀ ಅತ್ತಿತು, ಹಾಗಾಗಿ ಕೇಸು ಹೋಯಿತು ಎನ್ನುವವರಿಗೆ 2025ರ ಮಾರ್ಚ್‌ನ ಒಂದು ತೀರ್ಪು ಹೇಳಬೇಕು. ರಾಜಸ್ಥಾನದಲ್ಲಿ 1986ರಲ್ಲಿ ನಡೆದ ಕೃತ್ಯ ಅದು. ಕೋರ್ಟಿನಲ್ಲಿ ಮಗು ಏನೂ ಹೇಳಲಾಗದೆ ಕಣ್ಣೀರು ಹಾಕಿತ್ತು. ಹೈಕೋರ್ಟ್ ಆರೋಪಿಯನ್ನು ಬಿಟ್ಟಿತ್ತು. ಸುಪ್ರೀಂ ಕೋರ್ಟ್ ಆ ಖುಲಾಸೆ ರದ್ದು ಮಾಡಿ, ಮಗುವಿನ ಮೌನವನ್ನು ದೊಡ್ಡವರ ಮೌನದಂತೆ ಅಳೆಯಬಾರದು, ಅದರ ಲಾಭ ಆರೋಪಿಗೆ ಹೋಗಬಾರದು ಎಂದಿತು. ಆದರೆ ಅಲ್ಲಿ ವೈದ್ಯಕೀಯ ಪುರಾವೆ, ಇತರ ಸಾಕ್ಷ್ಯ ಇದ್ದವು. ನಿಮ್ಮ ಕೇಸಿನಲ್ಲೂ ಅಂಥದ್ದು ಏನಿದೆ ಎಂದು ಪಟ್ಟಿ ಮಾಡಿ. ಮಗು ಪ್ರತಿಕೂಲ ಸಾಕ್ಷಿಯಾದರೂ, ಅಂದರೆ ಮೊದಲು ಹೇಳಿದ್ದಕ್ಕೆ ತಿರುಗಿದರೂ, ಉಳಿದ ಪುರಾವೆಯ ಮೇಲೆ ಶಿಕ್ಷೆ ನಿಲ್ಲಿಸಿದ ತೀರ್ಪುಗಳಿವೆ.

*ಖುಲಾಸೆ ಮುರಿಯುವುದು ಕಷ್ಟ.* ಇದನ್ನು ಮುಚ್ಚಿಡುವುದು ಸರಿಯಲ್ಲ. ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್ ಹೇಳಿದಂತೆ, ಖುಲಾಸೆಯಾದವನ ಪರ ನಿರಪರಾಧಿ ಎಂಬ ಭಾವನೆ ಇಮ್ಮಡಿ ಗಟ್ಟಿಯಾಗುತ್ತದೆ. ಸಾಕ್ಷ್ಯದಿಂದ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಕೆಳಗಿನ ಕೋರ್ಟಿನದ್ದನ್ನು ಮುಟ್ಟುವುದಿಲ್ಲ. "ನಮ್ಮ ಮಗುವಿಗೆ ಅನ್ಯಾಯವಾಗಿದೆ" ಎಂಬುದೊಂದೇ ಆಧಾರವಾಗದು. ಯಾವ ಸಾಕ್ಷ್ಯ ಓದಲೇ ಇಲ್ಲ, ಯಾವುದನ್ನು ತಪ್ಪಾಗಿ ಓದಿದರು, ಕಾನೂನು ಕೇಳದ ಏನನ್ನು ಕೇಳಿದರು ಎಂದು ಪುಟ ಸಂಖ್ಯೆ ಸಮೇತ ತೋರಿಸಬೇಕು.

5. ವಯಸ್ಸು

ನಮ್ಮ ಮೂರೂ ಜಿಲ್ಲೆಗಳಲ್ಲಿ ಶಾಲಾ ದಾಖಲಾತಿಯಲ್ಲಿ ಅರ್ಧ ತರಗತಿಯ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ. ಮೇಷ್ಟ್ರು ಅಂದಾಜಿನ ಮೇಲೆ ಬರೆದ ಈ ತಾರೀಖು, 16-17ರ ಮಕ್ಕಳ ಕೇಸುಗಳಲ್ಲಿ, ಅಪೀಲಿನಲ್ಲಿ ದೊಡ್ಡ ತಲೆನೋವು. ಬಾಲನ್ಯಾಯ ಕಾಯ್ದೆ 2015ರ 94ನೇ ಕಲಂ ಕ್ರಮ ಹೇಳಿದೆ: ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಎಸ್ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಬರೀ ವರ್ಗಾವಣೆ ಪತ್ರ (ಟಿ.ಸಿ.) ಸಾಲದು ಎಂದು ಪಿ. ಯುವಪ್ರಕಾಶ್ ಪ್ರಕರಣದಲ್ಲಿ (2023) ಸುಪ್ರೀಂ ಕೋರ್ಟ್ ಹೇಳಿ ಪೋಕ್ಸೊ ಶಿಕ್ಷೆ ರದ್ದು ಮಾಡಿದೆ. ನಿಮ್ಮ ಕಡತದಲ್ಲಿ ಯಾವ ದಾಖಲೆ ಇದೆ, ಅದನ್ನು ಸಾಬೀತು ಮಾಡಲು ಮುಖ್ಯೋಪಾಧ್ಯಾಯರು ಬಂದು ಸಾಕ್ಷಿ ಹೇಳಿದ್ದಾರೆಯೇ ಎಂದು ನೋಡಿ. ಜನನ ನೋಂದಣಿ ತಾಯಿಯ ತವರಿನಲ್ಲೋ ಗುಳೆ ಹೋದ ಊರಿನಲ್ಲೋ ಆಗಿದ್ದು ಕಡತಕ್ಕೆ ಬಂದಿಲ್ಲವಾದರೆ ಈಗಲೇ ಪತ್ರ ತರಿಸಿ. 432ನೇ ಕಲಂ (ಹಳೆಯ 391) ಅಡಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಬಹುದೇ ಎಂದು ವಕೀಲರನ್ನು ಕೇಳಿ.

6. ಶಿಕ್ಷೆಯಾದವನು ಅಪೀಲು ಹಾಕಿದಾಗ

ಅಪೀಲಿನ ಜೊತೆಗೇ ಶಿಕ್ಷೆ ಅಮಾನತು ಅರ್ಜಿ ಬರುತ್ತದೆ (430ನೇ ಕಲಂ, ಹಳೆಯ 389). ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆದು ಜಾಮೀನು ಕೊಡಿ ಎಂಬ ಕೋರಿಕೆ. ಅದು ಮಂಜೂರಾದರೆ ತಪ್ಪಿತಸ್ಥನಲ್ಲ ಎಂದಾಯಿತು ಅಂತಲ್ಲ. ಅಪೀಲು ಬಾಕಿಯೇ ಇರುತ್ತದೆ, ವರ್ಷಗಟ್ಟಲೆ ಇರಬಹುದು. 10 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕು. ಸಂತ್ರಸ್ತರಿಗೆ ಪ್ರತಿ ಹಂತದಲ್ಲೂ ತಮ್ಮ ಮಾತು ಹೇಳುವ ಹಕ್ಕಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವನು ಅದೇ ಓಣಿಯವನೇ, ನೆಂಟನೇ, ಮಗು ಶಾಲೆಗೆ ಹೋಗುವ ದಾರಿಯಲ್ಲಿ ಅವನ ಮನೆಯಿದೆಯೇ, ವಿಚಾರಣೆಯಲ್ಲಿ ಬೆದರಿಕೆ ಬಂದಿತ್ತೇ ಎಂಬುದನ್ನು ಬರೆದುಕೊಡಿ. ಬಿಟ್ಟರೂ ಊರಿಗೆ ಕಾಲಿಡದಂತೆ ಷರತ್ತು ಕೇಳಬಹುದು.

ನೋಟಿಸು ಹಳೆಯ ವಿಳಾಸಕ್ಕೆ ಹೋಗಿ "ಮನೆಗೆ ಬೀಗ" ಎಂದು ವಾಪಸಾಗುವುದು ಗುಳೆ ಹೋಗುವ ಮನೆಗಳಲ್ಲಿ ಸಾಮಾನ್ಯ. ಬೆಂಗಳೂರಿಗೋ ಪುಣೆಗೋ ಹೊರಡುವ ಮುಂಚೆ ಠಾಣೆಗೂ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೊಸ ಫೋನ್ ನಂಬರು ಕೊಟ್ಟುಹೋಗಿ.

7. ರಾಜಿಯ ಮಾತು ಬಂದರೆ

"ಹಿರೇರು ಕೂತು ಮಾತಾಡ್ಯಾರ, ಕೋರ್ಟಿಗೆ ಬರಕೊಟ್ಟುಬಿಡ್ರಿ" ಎಂಬ ಒತ್ತಡ ಅಪೀಲಿನ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಇಂಥ ಅಪರಾಧದ ಕೇಸನ್ನು ರಾಜಿಯ ಆಧಾರದ ಮೇಲೆ ರದ್ದು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ ಹೇಳಿದೆ. ನೀವು ಸಹಿ ಹಾಕಿದ ಬಾಂಡ್ ಪೇಪರ್ ಕೇಸನ್ನು ಮುಗಿಸುವುದಿಲ್ಲ, ಆದರೆ ನಿಮ್ಮ ಮಗುವಿನ ಮಾತಿನ ಮೇಲೆ ಅನುಮಾನ ಹುಟ್ಟಿಸಲು ಅದನ್ನೇ ಹಿಡಿದು ತೋರಿಸುತ್ತಾರೆ. ಸಹಿ ಹಾಕಬೇಡಿ. ಬೆದರಿಕೆಯಿದ್ದರೆ 112ಕ್ಕೆ, ಮಗುವಿನ ಸುರಕ್ಷತೆಯ ಪ್ರಶ್ನೆಯಾದರೆ 1098ಕ್ಕೆ ಕರೆ ಮಾಡಿ.

8. ಪರಿಹಾರ

ಅಪೀಲು ಮುಗಿಯಲಿ ಎಂದು ಪರಿಹಾರಕ್ಕೆ ಕಾಯಬೇಕಿಲ್ಲ. 2020ರ ಪೋಕ್ಸೊ ನಿಯಮಗಳ 9ನೇ ನಿಯಮದಂತೆ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರವನ್ನೂ ಕೊಡಬಹುದು. ಆರೋಪಿ ಖುಲಾಸೆಯಾದರೂ, ಪತ್ತೆಯಾಗದಿದ್ದರೂ, ಮಗುವಿಗೆ ಹಾನಿಯಾಗಿದೆ ಎಂದು ನ್ಯಾಯಾಲಯಕ್ಕೆ ಅನಿಸಿದರೆ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಆದೇಶ ತಲುಪಿದ 30 ದಿನಗಳಲ್ಲಿ ಹಣ ಕೊಡಬೇಕು. ಹಣ ಮಗುವಿನ ಹೆಸರಿನ ಖಾತೆಗೇ ಬರಲಿ. ತೀರ್ಪಿನ ಕೊನೆಯ ಪುಟಗಳಲ್ಲಿ ಪರಿಹಾರದ ಮಾತೇ ಇಲ್ಲದಿದ್ದರೆ ಅದನ್ನೂ ಅಪೀಲಿನಲ್ಲಿ ಸೇರಿಸಿ.

ಹೈಕೋರ್ಟ್ ತೀರ್ಪು ನಿಮ್ಮ ವಿರುದ್ಧ ಬಂದರೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು 90 ದಿನ ಇರುತ್ತದೆ. ಖುಲಾಸೆಯನ್ನು ಮುರಿದು ಹೈಕೋರ್ಟ್ 10 ವರ್ಷ ಅಥವಾ ಹೆಚ್ಚಿನ ಶಿಕ್ಷೆ ಕೊಟ್ಟರೆ ಶಿಕ್ಷೆಗೊಳಗಾದವನಿಗೆ ಅಲ್ಲಿಗೆ ನೇರ ಅಪೀಲಿನ ಹಕ್ಕಿದೆ. ಆದ್ದರಿಂದ ಧಾರವಾಡ ಅಥವಾ ಕಲಬುರಗಿಯ ತೀರ್ಪಿನ ದೃಢೀಕೃತ ನಕಲನ್ನು, ಗೆದ್ದಿರಲಿ ಸೋತಿರಲಿ, ತೀರ್ಪು ಬಂದ ವಾರದೊಳಗೇ ಕೇಳಿ ಪಡೆದು ಕೆಳಗಿನ ಕೋರ್ಟಿನ ಕಾಗದಗಳ ಜೊತೆ ಒಂದೇ ಫೈಲಿನಲ್ಲಿ ಇಡಿ.